ಒಂದು ದೊನ್ನೆ ರಸಾಯನ

ಮಗು ಏನೂ ತಿಂದಿಲ್ಲ ಎಂದು ನಾಗೇಂದ್ರ ಬೆಳಿಗ್ಗೆಯಿಂದ ಇಬ್ಬರಿಗೆ ಹೇಳಿ ಆಗಿತ್ತು. ಮೊದಲು ಆಸ್ಪತ್ರೆಯ ಗೇಟಿನಲ್ಲಿ ಕಾಯುತ್ತಿದ್ದ ಹೆಂಡತಿ ಕಲಾಳಿಗೆ, ಆಮೇಲೆ ಫಾರಂ ತುಂಬಿಸಿಕೊಳ್ಳಲು ಬಂದ ಸಿಸ್ಟರಿಗೆ. ಎರಡು ಸಲವೂ ಮಾತು ಸಲೀಸಾಗಿ ಬಂದಿತ್ತು. ಅಷ್ಟು ಸಲೀಸಾಗಿ ಬಂದದ್ದೇ ಈಗ ಅವನನ್ನು ಬೆಂಚಿನ ಮೇಲೆ ನೆಟ್ಟಗೆ ಕೂರಲು ಬಿಡುತ್ತಿರಲಿಲ್ಲ. ತಿಂದಿಲ್ಲ ಅನ್ನುವುದು ಸುಳ್ಳೇನಲ್ಲವಲ್ಲ ಎಂದುಕೊಂಡ. ತೀರ್ಥ ತೆಗೆದುಕೊಂಡದ್ದನ್ನು ತಿಂದದ್ದು ಅಂತ ಯಾರಾದರೂ ಅನ್ನುತ್ತಾರೆಯೇ? ಏಕಾದಶಿಗೆ ಒಪ್ಪತ್ತೂ ಉಣ್ಣದವರು ಕೂಡ ತೀರ್ಥಕ್ಕೆ ಕೈ ಒಡ್ಡುತ್ತಾರೆ. ಆದರೆ ಇದು ಬರೀ ತುಳಸಿ ನೀರಲ್ಲ, ಪಂಚಾಮೃತ. ಅದರಲ್ಲಿ ಹಾಲಿತ್ತು, ಮೊಸರಿತ್ತು. ಎರಡು ಉದ್ಧರಣೆ. ಎರಡೇ. ಐದು ವರ್ಷದ ಸಿಂಚನ ಅವನ ತೊಡೆಯ ಮೇಲೆ ಕೂತು ಆಸ್ಪತ್ರೆಯವರು ತೊಡಿಸಿದ ದೊಗಳೆ ಅಂಗಿಯ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ಅವಳ ಬಾಯಿಂದ ಯಾಲಕ್ಕಿಯ ವಾಸನೆ ಬಂದಂತಾಗಿ ನಾಗೇಂದ್ರ ಮುಖ ಆಚೆ ತಿರುಗಿಸಿದ. ಎದುರಿಗೆ ಆಪರೇಷನ್ ಥಿಯೇಟರಿನ ಬಾಗಿಲು, ಅದರ ಮೇಲೆ ಕೆಂಪು ದೀಪ, ಪಕ್ಕದಲ್ಲಿ ಚಪ್ಪಲಿ ಇಲ್ಲೇ ಬಿಡಿ ಎಂದು ಬರೆದ ಹಲಗೆ. ಗಂಟೆ ಒಂಬತ್ತೂಮುಕ್ಕಾಲು ಆಗಿತ್ತು.

ನಿನ್ನೆ ಕಲಾ ಎರಡೆರಡು ಸಲ ಹೇಳಿದ್ದಳು. ಹಲ್ಲುಜ್ಜುವಾಗ ಒಂದು ಗುಟುಕು ನೀರು ಒಳಗೆ ಹೋಗಬಾರದು, ಬಿಸ್ಕತ್ತಿನ ಚೂರು ಕೂಡ ಬಾಯಿಗೆ ಬೀಳಬಾರದು. ಅಮ್ಮ ಅಡಿಗೆಮನೆ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಾ, "ನಂಗೇನು ಕಿವಿ ಕೇಳ್ಸಲ್ವಾ, ಗೊತ್ತಾಯ್ತು ಬಿಡಮ್ಮ" ಅಂದಿದ್ದಳು. ಟೋಕನ್ ಹಿಡಿಯಲು ಕಲಾ ಆರು ಗಂಟೆಯ ಬಸ್ಸಿಗೇ ಹೊರಟು ಬಂದಿದ್ದಳು. ಮಗುವನ್ನು ಮೊಪೆಡ್ಡಿನ ಮುಂದೆ ನಿಲ್ಲಿಸಿಕೊಂಡು ಹೊರಡಬೇಕೆನ್ನುವಷ್ಟರಲ್ಲಿ ಅಮ್ಮ ಸೆರಗು ಹೊದ್ದು ಈಚೆ ಬಂದಳು. "ಮೊದಲ್ನೇ ಸಲ ಮಗೀನ ಮೈಗೆ ಕತ್ತಿ ತಾಗ್ತದೆ, ಶನಿವಾರ ಬೇರೆ. ಮೂಲೆ ಆಂಜನೇಯನಿಗೆ ಕೈ ಮುಗಿದು ಹೋಗ್ರೋ. ಐದು ನಿಮಿಷ." ಅವನು ಹೂಂ ಅಂದ. ಅಮ್ಮನಿಗೆ ಅವನು ಯಾವತ್ತು ಊಹೂಂ ಅಂದಿದ್ದಾನೆ? ಗರ್ಭಗುಡಿಯ ಮುಂದೆ ಅರ್ಚಕರು ಬೆಳ್ಳಿ ಬಟ್ಟಲು ಹಿಡಿದು ಬಂದಾಗ ಅಮ್ಮ ಮಗುವಿನ ಅಂಗೈಯನ್ನು ತಾನೇ ಗುಳಿ ಮಾಡಿ ಮುಂದೆ ಚಾಚಿದಳು. ನಾಗೇಂದ್ರ ತಡೆಯಲೆಂದೇ ಕೈ ಎತ್ತಿದ, ನಿಜ, ತಡೆಯಲೆಂದೇ. ಎತ್ತಿದ ಕೈ ಅರ್ಧದಲ್ಲಿ ಗುಳಿಯಾಗಿ ತಾನೂ ತೀರ್ಥ ತೆಗೆದುಕೊಂಡಿತು. ಸಿಂಚನ ಸುರ್ರೆಂದು ಹೀರಿ ಅಂಗೈಯನ್ನು ತಲೆಗೆ ಒರೆಸಿಕೊಂಡಳು. ಆಮೇಲೆ ಅವನು ಹೊರಗೆ ಬಂದು ಮೊಪೆಡ್ಡಿನ ಪೆಡಲು ತುಳಿದ. ಹಾಳಾದ್ದು ಹತ್ತು ನಿಮಿಷ ಸ್ಟಾರ್ಟೇ ಆಗಲಿಲ್ಲ. ಅಜ್ಜಿ ಮೊಮ್ಮಗಳು ಅಷ್ಟು ಹೊತ್ತೂ ಅವನ ಬೆನ್ನ ಹಿಂದೆ ಗುಡಿಯ ಜಗಲಿಯ ಮೇಲೆ ಕೂತಿದ್ದರು.

ಕಿವಿಯ ಡಾಕ್ಟರು ಪಂಚಾಕ್ಷರಿಯವರು ಎರಡು ತಿಂಗಳ ಹಿಂದೆಯೇ ಎಲ್ಲವನ್ನೂ ಬಿಡಿಸಿ ಹೇಳಿದ್ದರು. ಒಂದೂವರೆ ವರ್ಷದಿಂದ ಮೇಲಿಂದ ಮೇಲೆ ಸೋರಿ, ಜ್ವರ ಬಂದು, ಔಷಧಿಗೆ ಇಳಿದು, ಮತ್ತೆ ಸೋರಿ, ಎರಡೂ ಕಿವಿಯ ತಮಟೆಯ ಹಿಂದೆ ಈಗ ಗೋಂದಿನಂಥ ನೀರು ನಿಂತಿದೆ. ಅದಕ್ಕೇ ಮಗುವಿಗೆ ಕೇಳಿಸುತ್ತಿಲ್ಲ. ತಮಟೆಗೆ ಸಣ್ಣ ತೂತು ಮಾಡಿ ಆ ನೀರನ್ನು ಎಳೆದು, ತೂತು ಮುಚ್ಚದ ಹಾಗೆ ಒಂದು ನಳಿಗೆ ಕೂರಿಸುವುದು. ಗ್ರಾಮೆಟ್ ಅನ್ನುತ್ತಾರೆ, ಅಕ್ಕಿ ಕಾಳಿಗಿಂತ ಚಿಕ್ಕದು, ವರ್ಷದೊಳಗೆ ತಾನಾಗಿ ಉದುರಿಹೋಗುತ್ತದೆ. ಕಾಲು ಗಂಟೆಯ ಕೆಲಸ. ಆದರೆ ಮಗು ಅಲುಗಾಡಬಾರದು, ಪೂರ್ತಿ ಮಂಪರು ಕೊಡಬೇಕು. "ಹೊಟ್ಟೆ ಖಾಲಿ ಇರ್ಬೇಕು ಕಣ್ರಪ್ಪ. ಒಳಗೇನಾದ್ರೂ ಇದ್ರೆ ಮಂಪರಲ್ಲಿ ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿದ್ಬಿಡತ್ತೆ. ಆಮೇಲೆ ನಮ್ಮ ಕೈಲೇನಿಲ್ಲ" ಎಂದು ಅವರು ಕಲಾಳಿಗಲ್ಲ, ಅವನ ಮುಖ ನೋಡಿಯೇ ಹೇಳಿದ್ದರು. ಅದೇ ಡಾಕ್ಟರು ಮೊದಲ ದಿನ ಕಿವಿಯೊಳಗೆ ದೀಪ ಬಿಟ್ಟು ನೋಡಿ, "ಇದಕ್ಕೆ ಎಣ್ಣೆ ಯಾರು ಬಿಟ್ಟಿದ್ದು?" ಎಂದು ಕೇಳಿದ್ದರು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ. ಪ್ರತಿ ಶನಿವಾರ ಅಮ್ಮ ಬಿಡುತ್ತಿದ್ದದ್ದು. ಮಗುವಿನ ತಲೆ ಅಲುಗದಂತೆ ಹಿಡಿದುಕೊಳ್ಳುತ್ತಿದ್ದದ್ದು ಅವನು. ಕಲಾ ಅವನನ್ನು ನೋಡಿದ್ದಳು. ಅವನು ಗೋಡೆಯ ಮೇಲಿನ ಕಿವಿಯ ಚಿತ್ರವನ್ನು ನೋಡುತ್ತಾ ಕೂತಿದ್ದ. "ಪ್ಯಾಂಟು ಶರಟು ಹಾಕ್ಕೊಂಡಿರೋ ನೀವೇ ಹಿಂಗ್ ಮಾಡಿದ್ರೆ" ಎಂದು ಡಾಕ್ಟರು ಅಂದಾಗ ಹೊರಗೆ ಕಾಯುತ್ತಿದ್ದವರಿಗೂ ಅದು ಕೇಳಿಸಿತ್ತು. ಆವತ್ತು ಬಸ್ಸಿನಲ್ಲಿ ಕಲಾ ಒಂದೇ ಮಾತು ಆಡಿದಳು. "ನಿಮ್ಮಮ್ಮ ಇನ್ನೊಂದ್ಸಲ ನನ್ ಮಗೂಗೆ ಏನಾದ್ರೂ ಮಾಡಿ, ಅದನ್ನ ನೋಡ್ಕೊಂಡು ನೀವು ಸುಮ್ನಿದ್ರಿ ಅಂತ ಗೊತ್ತಾದ್ರೆ, ನಾನು ಇವಳನ್ನ ಕರ್ಕೊಂಡು ಮಾಗಡಿಗೆ, ನಮ್ಮಮ್ಮನ ಮನೆಗೆ ಹೋಗ್ತೀನಿ. ಕರ್ಯೋಕ್ ಬರ್ಬೇಡಿ." ಕಲಾ ಕೂಗಾಡಿದ್ದರೆ ಅವನಿಗೆ ಭಯವಾಗುತ್ತಿರಲಿಲ್ಲ. ಅವಳು ಅದನ್ನು ಸ್ಟಾಪು ಬಂತು ಇಳೀರಿ ಅನ್ನುವ ಧ್ವನಿಯಲ್ಲಿ ಹೇಳಿದ್ದಳು.

ಈಗಲೂ ಹೇಳಬಹುದು ಅಂದುಕೊಂಡ. ಕಲಾ ಕಾರಿಡಾರಿನ ಕೊನೆಯಲ್ಲಿ ಹೆಸರು ಬರೆಸುತ್ತಿದ್ದಳು. ಎದ್ದು ಹೋಗಿ, ಸಿಸ್ಟರ್, ಒಂದು ಚೂರು ಪಂಚಾಮೃತ ಹೋಗಿದೆ ಅಂದರೆ ಮುಗಿಯಿತು. ಹಾಗಾದರೆ ಇವತ್ತು ಬೇಡ ಅನ್ನುತ್ತಾರೆ. ಇದು ಮೂರನೆಯ ಸಲ: ಒಮ್ಮೆ ನೆಗಡಿಯೆಂದು ವಾಪಸ್ಸು ಕಳಿಸಿದ್ದರು, ಇನ್ನೊಮ್ಮೆ ಮಂಪರು ಕೊಡುವ ಡಾಕ್ಟರೇ ಬಂದಿರಲಿಲ್ಲ. ಇನ್ನು ತಾರೀಖು ಸಿಗುವುದು ಜೂನ್ ಕಳೆದ ಮೇಲೆ. ಕಿವಿ ಸರಿ ಮಾಡಿಸಿಕೊಂಡು ಬಂದರೆ ಒಂದನೆಯ ಕ್ಲಾಸು, ಇಲ್ಲದಿದ್ದರೆ ಮತ್ತೆ ಅದೇ ಯುಕೆಜಿ, ಅದೇ ಕೊನೆಯ ಬೆಂಚು ಎಂದು ಸ್ಕೂಲಿನ ಮಿಸ್ಸು ಹೇಳಿ ಆಗಿತ್ತು. ಅಲ್ಲದೆ ಎರಡು ಚಮಚ ತೀರ್ಥಕ್ಕೆ ಏನಾದೀತು? ಅವನು ಬಸವೇಶ್ವರನಗರದ ಮನೆಮನೆಯ ಕರೆಂಟ್ ಮೀಟರ್ ಓದುವವನು. ಬೀಗ ಹಾಕಿದ ಮನೆಗೆ ಹೋದ ತಿಂಗಳ ಲೆಕ್ಕವನ್ನೇ ಅಂದಾಜಿಗೆ ಒತ್ತಿ, ಮಿಷನ್ನಿನಿಂದ ಬಿಲ್ಲು ಕಿತ್ತು ಗೇಟಿಗೆ ಸಿಕ್ಕಿಸಿ ಬರುವವನು. ಮುಂದಿನ ತಿಂಗಳು ಹೇಗೂ ಸರಿಹೋಗುತ್ತದೆ. ಇಷ್ಟು ವರ್ಷದಲ್ಲಿ ಯಾರ ಮನೆಯ ದೀಪವೂ ಅದರಿಂದ ಆರಿರಲಿಲ್ಲ. ಹಾಗೆ ಅಂದುಕೊಂಡ ಮೇಲೆ ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಸಿಂಚನ ಕತ್ತೆತ್ತಿ ಅವನ ಮುಖ ನೋಡಿದಳು. ಏನೋ ಕೇಳುತ್ತಿದ್ದಾಳೆಂದಲ್ಲ, ಅದು ಅವಳ ಅಭ್ಯಾಸ. ಕಿವಿ ಮಂದವಾಗುತ್ತಾ ಹೋದ ಹಾಗೆ ಮಗು ತನ್ನಷ್ಟಕ್ಕೆ ಒಂದು ದಾರಿ ಹುಡುಕಿಕೊಂಡಿತ್ತು. ಯಾರು ಏನು ಕೇಳಿದರೂ ಮೊದಲು ಅಪ್ಪನ ಮುಖ ನೋಡುವುದು. ಅವನ ತಲೆ ಮೇಲೆ ಕೆಳಗೆ ಆಡಿದರೆ ಹೂಂ, ಅಡ್ಡ ಆಡಿದರೆ ಇಲ್ಲ. ಮನೆಯವರಿಗೆ ಇದು ತಿಳಿಯುವ ಹೊತ್ತಿಗೆ ವರ್ಷ ಕಳೆದಿತ್ತು. ಎಷ್ಟು ಮಾತು ಕೇಳುತ್ತೆ ಮಗು ಎಂದು ಹೊಗಳಿದವರೆಲ್ಲ ಆಮೇಲೆ ಬಾಯಿ ಮುಚ್ಚಿಕೊಂಡರು. ಸ್ಕೂಲಿಗೆ ಸೇರಿಸುವ ದಿನ ಹೆಡ್ ಮಿಸ್ಸು ಐದು ಪ್ರಶ್ನೆ ಕೇಳಿದರು. ನಾಗೇಂದ್ರ ಅವರ ಕುರ್ಚಿಯ ಹಿಂದೆ ನಿಂತು ಐದಕ್ಕೂ ತಲೆಯಾಡಿಸಿದ್ದ. ಹೊರಗೆ ಬಂದು ಆ ಸಾಹಸವನ್ನು ಹೇಳಿಕೊಂಡಾಗ ಕಲಾ ನಗಲಿಲ್ಲ. "ನಿಮ್ಮಮ್ಮ ಹೇಳಿದ್ದಕ್ಕೂ ಹೂಂ, ನಾನು ಹೇಳಿದ್ದಕ್ಕೂ ಹೂಂ. ಕೋಲೆಬಸವನ್ನ ಕಟ್ಕೊಂಡಂಗಾಯ್ತು. ಈಗ ಆ ಮಗೂಗೂ ಅದೇ ಕಲಿಸ್ತಿದೀರಾ?" ಅಂದಳು. ಅವಳು ಹಾಗೆ ಅಂದಾಗಲೂ ಅವನು ತಲೆಯಾಡಿಸಿದ್ದ.

ಕಲಾ ಬಂದು ಪಕ್ಕದಲ್ಲಿ ನಿಂತಳು. ಅವಳ ಹಿಂದೆಯೇ ಥಿಯೇಟರಿನ ಬಾಗಿಲು ತೆರೆದು ಹಸಿರು ಟೋಪಿಯ ಲೇಡಿ ಡಾಕ್ಟರೊಬ್ಬರು ಹೊರಗೆ ಬಂದರು. "ಸಿಂಚನ ಯಾರು? ಅನಸ್ತೇಶಿಯಾ ಕೊಡೋಳು ನಾನು" ಎಂದು ಫಾರಂ ಮೇಲೆ ಕಣ್ಣಾಡಿಸಿದರು. "ರಾತ್ರಿ ಒಂಬತ್ತಕ್ಕೆ ಊಟ. ಆಮೇಲೆ?"

"ನೀರೂ ಕೊಟ್ಟಿಲ್ಲ ಮೇಡಂ" ಎಂದಳು ಕಲಾ.

"ಅಪ್ಪ ಅಮ್ಮ ಎಲ್ಲಾರೂ ಹಂಗೇ ಹೇಳ್ತಾರೆ. ನಾನು ಯಾವಾಗ್ಲೂ ಮಕ್ಕಳನ್ನೇ ಕೇಳೋದು, ಮಕ್ಕಳು ಸುಳ್ಳು ಹೇಳಲ್ಲ" ಎಂದು ಅವರು ನಕ್ಕು, ಮಗುವಿನ ಮುಂದೆ ಬಗ್ಗಿ ಜೋರಾಗಿ ಕೇಳಿದರು: "ಬಂಗಾರಿ, ಬೆಳಿಗ್ಗೆ ಏನಾದ್ರೂ ತಿಂದ್ಯಾ?"

ಸಿಂಚನ ಡಾಕ್ಟರ ತುಟಿ ನೋಡಿದಳು. ಆಮೇಲೆ ನಾಗೇಂದ್ರನ ಮುಖ ನೋಡಿದಳು.

ಆ ಒಂದು ಗಳಿಗೆ ಅವನ ಕೈಯಲ್ಲಿತ್ತು. ಬಾಯಿ ತೆರೆಯುವುದೂ ಬೇಕಿರಲಿಲ್ಲ. ತಲೆಯನ್ನು ಮೇಲೆ ಕೆಳಗೆ ಆಡಿಸಿದ್ದರೆ ಮಗು ಹೂಂ ಅನ್ನುತ್ತಿತ್ತು, ಉಳಿದದ್ದು ತಾನಾಗಿ ಆಗುತ್ತಿತ್ತು. ಪಕ್ಕದಲ್ಲಿ ಕಲಾಳ ಸೀರೆಯ ಸೆರಗು ಅವನ ಮೊಣಕೈಗೆ ತಾಗುತ್ತಿತ್ತು. ಅವನ ತಲೆ ಅಡ್ಡ ಆಡಿತು. ಒಂದೇ ಸಲ, ನೊಣ ಓಡಿಸುವಷ್ಟು.

"ಇಲ್ಲ" ಅಂದಳು ಸಿಂಚನ.

"ಜಾಣೆ" ಎಂದು ಡಾಕ್ಟರು ಅವಳ ಕೆನ್ನೆ ತಟ್ಟಿದರು. ಸಿಸ್ಟರು ಮಗುವನ್ನು ಎತ್ತಿಕೊಂಡಳು. ಸಿಂಚನ ಅಳಲಿಲ್ಲ, ಸಿಸ್ಟರ ಹೆಗಲ ಮೇಲಿಂದ ಅವನನ್ನೇ ನೋಡುತ್ತಾ, ಹೋಗಬಹುದೇ ಎಂದು ಕೇಳುವಂತೆ ಹುಬ್ಬೇರಿಸಿದಳು. ಅವನು ಹೂಂ ಎಂದು ತಲೆಯಾಡಿಸಿದ. ಬಾಗಿಲು ಮುಚ್ಚಿತು.

ಬೆಂಚಿನ ಮೇಲೆ ಕೂತ ಕಲಾ ತುಸು ಹೊತ್ತಿನ ಮೇಲೆ, "ಇವತ್ತು ಅತ್ತೆ ಏನೂ ತಗಾದೆ ತೆಗೀಲಿಲ್ವಾ?" ಎಂದು ಕೇಳಿದಳು. ಇಲ್ಲ ಅಂದ. "ಪಾಪ, ನಾನೂ ಅವರಿಗೆ ಜಾಸ್ತಿನೇ ಅಂದ್ಬಿಟ್ಟಿದೀನಿ. ಮಗು ಮೇಲೆ ಅವರಿಗೇನು ಪ್ರೀತಿ ಇಲ್ವಾ? ಸಂಜೆ ಹೋಗುವಾಗ ಒಂದ್ ಮೊಳ ಮಲ್ಲಿಗೆ ತಗೊಳ್ಳಿ ಅವರಿಗೆ." ಕಲಾ ಹೀಗೆ ಮಾತಾಡಿ ಎಷ್ಟು ತಿಂಗಳಾಗಿತ್ತೋ. ಒಂದೇ ಮನೆಯಲ್ಲಿ ಇಬ್ಬರು ಹೆಂಗಸರು ಹೆಚ್ಚುಕಡಿಮೆ ಅವನ ಮೂಲಕವೇ ಮಾತಾಡಿಕೊಳ್ಳುತ್ತಿದ್ದರು: ಸೊಪ್ಪು ಸಾರು ಮಾಡ್ಲಾ ಅಂತ ಕೇಳಿ, ಏನಾದ್ರೂ ಮಾಡ್ಕೊಳ್ಳಿ ಅಂತ ಹೇಳು. ಈಗ ಅವಳ ಮುಖ ಸಡಿಲವಾಗಿತ್ತು, ಕಾಲು ಚಾಚಿ ಕೂತಿದ್ದಳು. ಆ ಸಡಿಲವನ್ನೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಅಮ್ಮನಿಗೆ ಫೋನು ಮಾಡಿ ಬರುತ್ತೇನೆ, ಗಾಬರಿಯಾಗಿರುತ್ತಾಳೆ ಎಂದು ಹೇಳಿ ಎದ್ದ. "ಹೂಂ, ಹೇಳಿ, ಒಳಗೆ ಕರ್ಕೊಂಡ್ರು ಅಂತ" ಎಂದಳು ಕಲಾ.

ಕೆಳಗೆ ಮೆಡಿಕಲ್ ಶಾಪಿನ ಪಕ್ಕದಲ್ಲಿ ಹಳದಿ ಕಾಯಿನ್ ಫೋನಿತ್ತು. ಎದುರಿನ ರಸ್ತೆಯಲ್ಲಿ ಬಸ್ಸುಗಳ ಗದ್ದಲ. ಒಂದು ಕಿವಿಗೆ ಬೆರಳಿಟ್ಟುಕೊಂಡು, "ಅಮ್ಮಾ, ಮಗೂಗೆ ತೀರ್ಥ ಎಷ್ಟು ಕೊಟ್ರು? ಎರಡು ಚಮಚ ಅಲ್ವಾ?" ಎಂದ. ಅವಳ ಬಾಯಲ್ಲಿ ಅಷ್ಟೇ ಕಣೋ ಅನ್ನುವುದನ್ನು ಕೇಳಿಸಿಕೊಂಡು ಬಿಟ್ಟರೆ ಸಾಕು ಅಂತ ಇತ್ತು ಅವನಿಗೆ.

"ಅಷ್ಟೇ ಕಣೋ. ಯಾಕೋ, ಆಪರೇಷನ್ ಆಯ್ತೇನೋ?"

"ಒಳಗೆ ಕರ್ಕೊಂಡಿದಾರೆ. ಬೇರೇನೂ ಕೊಡ್ಲಿಲ್ಲ ತಾನೇ ನೀನು?"

"ತಿಂಡಿ ಎಲ್ಲಿ ಕೊಟ್ಟೆ? ನಿನ್ ಹೆಂಡ್ತಿ ಅಷ್ಟು ಹೇಳಿದ್ಳಲ್ಲ, ನಾನ್ಯಾಕೆ ಕೊಡ್ಲಿ. ಶನಿವಾರ ಅಂತ ರಸಾಯನ ಹಂಚ್ತಿದ್ರು. ಸ್ವಾಮಿ ಪ್ರಸಾದ ಬೇಡ ಅನ್ನಕ್ಕಾಗತ್ತೇನೋ? ನೀನು ಆ ಗಾಡಿ ಜೊತೆ ಒದ್ದಾಡ್ತಿದ್ಯಲ್ಲ, ಆವಾಗ ಒಂದು ದೊನ್ನೆ ಕೊಟ್ರು. ಎಷ್ಟು ಆಸೆಯಿಂದ ತಿಂತು ಅಂತೀಯ! ರಾತ್ರಿಯಿಂದ ಹಸ್ಕೊಂಡಿತ್ತಲ್ಲೋ ಕಂದ."

"ಒಂದು ದೊನ್ನೆ ಪೂರ್ತಿ?"

"ಪ್ರಸಾದ ಕಣೋ ಅದು. ಪ್ರಸಾದದಿಂದ ಯಾರಿಗಾದ್ರೂ ಕೆಟ್ಟದ್ದಾಗಿದ್ದು ಕೇಳಿದೀಯೇನೋ? ಅವನೇ ಕಾಯ್ತಾನೆ. ಯಾಕೆ, ಏನಾದ್ರೂ ಆಯ್ತೇನೋ ನಾಗ? ನಾಗಾ?" ಏನೂ ಇಲ್ಲಮ್ಮ ಎಂದು ಅವನು ಫೋನಿಟ್ಟ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ನೋಡಿದ, ಬರಲಿಲ್ಲ. ಅವಳು ಯಾರಿಗೂ ಸುಳ್ಳು ಹೇಳಿರಲಿಲ್ಲ. ಕೇಳಿದ ಕೂಡಲೇ ಎಲ್ಲ ಹೇಳಿದ್ದಳು. ತಾನು ಬೆಳಿಗ್ಗೆ ಒಂದು ಮಾತು ಕೇಳಿದ್ದರೆ ಬೆಳಿಗ್ಗೆಯೇ ಹೇಳುತ್ತಿದ್ದಳು.

ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ. ಬಾಳೆಹಣ್ಣು, ಬೆಲ್ಲ, ತೆಂಗಿನತುರಿ, ಹಾಲು. ಕಿವುಚಿದ ಬಾಳೆಹಣ್ಣು ಹೊಟ್ಟೆಯಿಂದ ಮೇಲೆ ಬರುವುದು, ಸಣ್ಣ ಗಂಟಲು, ಆಮೇಲೆ ನಮ್ಮ ಕೈಲೇನಿಲ್ಲ. ಹೇಳಿಬಿಡುತ್ತೇನೆ, ಕಲಾ ಹೋದರೆ ಹೋಗಲಿ, ಮಾಗಡಿಗಾದರೂ ಹೋಗಲಿ, ಮಗು ಬದುಕಿದ್ದರೆ ತಾನೇ ಹೋಗುವುದು ಎಂದು ಬಾಯಲ್ಲೇ ಅಂದುಕೊಳ್ಳುತ್ತಾ ಹತ್ತಿದ. ಕಾರಿಡಾರಿನಲ್ಲಿ ಕಲಾ ಕಣ್ಣು ಮುಚ್ಚಿ, ಕೈ ಮುಗಿದು ಕೂತಿದ್ದಳು. ಅವನು ಅವಳನ್ನು ದಾಟಿ ಹೋಗಿ ಚಪ್ಪಲಿಯಲ್ಲೇ ನಿಂತು ಬಾಗಿಲು ಬಡಿದ. ಬಾಗಿಲು ಒಂದು ಗೇಣು ತೆರೆಯಿತು. ಮುಖಕ್ಕೆ ಬಟ್ಟೆ ಕಟ್ಟಿದ ಸಿಸ್ಟರು, ಕಣ್ಣು ಮಾತ್ರ. "ಏನ್ರೀ? ಚಪ್ಪಲಿ ಹಾಕ್ಕೊಂಡು ಬಂದಿದೀರಲ್ರೀ!"

"ಸಿಸ್ಟರ್..." ಎಂದ. ಹಿಂದೆ ಕಲಾ ಎದ್ದು ಬಂದ ಸದ್ದಾಯಿತು. ಏನಂತೆ ರೀ, ಏನಂತೆ ಎನ್ನುತ್ತಿದ್ದಳು.

"ಬೇಗ ಹೇಳ್ರೀ."

"ಎಷ್ಟೊತ್ತಾಗಬಹುದು ಸಿಸ್ಟರ್?"

"ಈಗ ತಾನೇ ಮಂಪರು ಕೊಟ್ಟಿದೆ. ಕೂತ್ಕೊಳ್ಳಿ ಹೋಗಿ" ಎಂದು ಸಿಸ್ಟರು ಬಾಗಿಲು ಹಾಕಿಕೊಂಡಳು. ನಾಗೇಂದ್ರ ಬಾಗಿ ಚಪ್ಪಲಿ ಬಿಚ್ಚಿ, ಹಲಗೆಯ ಕೆಳಗೆ ಜೋಡಿಸಿ ಇಟ್ಟ. ಇನ್ನು ಅದನ್ನು ಬಿಚ್ಚಿ ಏನಾಗಬೇಕಿತ್ತೋ.

"ಇಷ್ಟು ಹೆದರ್ಕೊಂಡ್ರೆ ಹೇಗ್ರೀ" ಎಂದು ಕಲಾ ಅವನ ಕೈ ಹಿಡಿದುಕೊಂಡಳು. ನಾಲ್ಕು ಜನರ ಮುಂದೆ ಅವಳು ಅವನ ಕೈ ಹಿಡಿದದ್ದೇ ಇಲ್ಲ. ಹಿಡಿದ ಕೈಯನ್ನು ಅವನಿಗೆ ಬಿಡಿಸಿಕೊಳ್ಳಲೂ ಆಗಲಿಲ್ಲ, ಒತ್ತಲೂ ಆಗಲಿಲ್ಲ. ಗಡಿಯಾರದ ದೊಡ್ಡ ಮುಳ್ಳು ಎರಡರಿಂದ ಮೂರಕ್ಕೆ ಬರಲು ಬೆಳಗಿನಿಂದ ಸಂಜೆಯಷ್ಟು ಹೊತ್ತು ತೆಗೆದುಕೊಂಡಿತು. ಕಾಲು ಗಂಟೆಯ ಕೆಲಸ ಅಂದಿದ್ದರಲ್ಲ? ಕಾಲು ಗಂಟೆ ಆಯಿತು. ಇಪ್ಪತ್ತು ನಿಮಿಷ ಆಯಿತು. ಒಮ್ಮೆ ಬಾಗಿಲು ದಡಾರೆಂದು ತೆರೆದು ಸಿಸ್ಟರೊಬ್ಬಳು ಓಡುತ್ತಾ ಹೋಗಿ, ಏನನ್ನೋ ಹಿಡಿದು ಓಡುತ್ತಾ ಬಂದಳು. ನಾಗೇಂದ್ರ ಎದ್ದು ನಿಂತ. ಸ್ವಾಮೀ, ನಿನ್ನದೇ ಪ್ರಸಾದ, ನೀನೇ ಒಳಗೆ ಹಿಡಿದಿಟ್ಟುಕೋ ಎಂದು ಬೇಡಿಕೊಂಡ. ಬೇಡಿಕೊಳ್ಳುತ್ತಿರುವಾಗಲೇ ಅಮ್ಮ ಅಂದದ್ದನ್ನೇ ತಾನೂ ಅನ್ನುತ್ತಿದ್ದೇನೆ, ಅವಳಿಗೆ ನಂಬಿಕೆಯಾದರೂ ಇದೆ, ತನಗೆ ಅದೂ ಇಲ್ಲ ಎಂದು ಹೊಳೆಯಿತು. ಮಗು ಬದುಕಿ ಹೊರಗೆ ಬಂದರೆ ಎಲ್ಲವನ್ನೂ ಕಲಾಳಿಗೆ ಹೇಳಿಬಿಡುತ್ತೇನೆ ಎಂದು ಹರಕೆ ಹೊತ್ತ. ಅಷ್ಟು ದೊಡ್ಡ ಹರಕೆಯನ್ನು ಅವನು ಯಾವತ್ತೂ ಹೊತ್ತಿರಲಿಲ್ಲ.

ಹತ್ತು ಮೂವತ್ತೈದಕ್ಕೆ ಪಂಚಾಕ್ಷರಿ ಡಾಕ್ಟರು ಟೋಪಿ ತೆಗೆಯುತ್ತಾ ಬಂದರು. "ಎರಡೂ ನಳಿಗೆ ಕೂತಿದೆ. ಗೋಂದು ಗೋಂದು ಇತ್ತು ಕಣ್ರಮ್ಮ, ಎಳೆಯೋದೇ ಕಷ್ಟ ಆಯ್ತು. ಒಂದ್ಸಲ ವಾಂತಿ ಬಂದಂಗೆ ಮಾಡ್ತು, ತಕ್ಷಣ ಮಗ್ಗುಲು ಮಾಡಿದ್ರು ಮೇಡಂ. ಏನೂ ತೊಂದ್ರೆ ಇಲ್ಲ. ಪುಣ್ಯಕ್ಕೆ ಹೊಟ್ಟೆ ಖಾಲಿ ಇತ್ತು" ಎಂದು ಹೊರಟುಹೋದರು. ಪುಣ್ಯಕ್ಕೆ ಎಂದು ಕಲಾ ಕಣ್ಣಿಗೆ ಸೆರಗು ಒತ್ತಿಕೊಂಡಳು. ನಾಗೇಂದ್ರ ಬೆಂಚಿನ ಮೇಲೆ ಕೂತ. ಹೊತ್ತ ಹರಕೆ ನೆನಪಿತ್ತು. ಇಲ್ಲಿ ಬೇಡ, ಮನೆಗೆ ಹೋದ ಮೇಲೆ ಎಂದುಕೊಂಡ. ಸಂಜೆ. ಇಲ್ಲವೇ ನಾಳೆ ಭಾನುವಾರ.

ಮಧ್ಯಾಹ್ನ ವಾರ್ಡಿನಲ್ಲಿ ಸಿಂಚನ ಎಚ್ಚರವಾಗಿ, ಅತ್ತು, ಮತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕಿವಿಗಳಲ್ಲಿ ಹತ್ತಿ. ಕಲಾ ಕಿಟಕಿಯ ಬಳಿ ಫ್ಲಾಸ್ಕಿನ ಹಾಲನ್ನು ಲೋಟದಿಂದ ಲೋಟಕ್ಕೆ ಎತ್ತಿ ಆರಿಸುತ್ತಿದ್ದಳು. ನಾಗೇಂದ್ರ ಮಂಚದ ಅಂಚಿನಲ್ಲಿ ಕೂತು ಮಗುವಿನ ಬೆನ್ನು ನೋಡುತ್ತಿದ್ದ. ಆ ಮನೆಯಲ್ಲಿ ಯಾರಿಗೂ ಹೇಳಲಾಗದ್ದನ್ನೆಲ್ಲ ಅವನು ಈ ಬೆನ್ನಿಗೆ ಹೇಳುತ್ತಾ ಬಂದಿದ್ದ. ಸಾಹೇಬರು ಬೈದದ್ದು, ಅಮ್ಮನನ್ನು ಎಲ್ಲಾದರೂ ಬಿಟ್ಟುಬರಬೇಕು ಅನ್ನಿಸಿದ್ದು, ಕಲಾಳ ಮೇಲಿನ ಭಯ. ಮಗು ಮುಖ ಆಚೆ ಮಾಡಿದ್ದರೆ ಸಾಕಾಗಿತ್ತು. ಈಗಲೂ ಹಾಗೆಯೇ, ತುಟಿ ಅಲುಗಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ, "ತಪ್ಪಾಯ್ತು ಪುಟ್ಟಿ" ಅಂದ.

ಸಿಂಚನ ಹೊರಳಿದಳು. "ಏನಪ್ಪಾ ತಪ್ಪು?"

ಅವನು ಮಂಚದಿಂದ ಎದ್ದುಬಿಟ್ಟ. "ಕಲಾ! ಕೇಳಿಸ್ತು ಕಣೇ! ಬೆನ್ ಹಾಕಿದ್ಳು, ಪಿಸುಗುಟ್ಟಿದೆ ಅಷ್ಟೇ, ಕೇಳಿಸ್ತು!" ಎಂದು ಕೂಗಿದ. ಪಕ್ಕದ ಮಂಚದವರೆಲ್ಲ ತಿರುಗಿ ನೋಡಿದರು. ಕಲಾ ಹಾಲು ಚೆಲ್ಲಿಕೊಂಡು ಓಡಿಬಂದಳು. ನಂಬಲಾರದೆ ಮಂಚದ ತಲೆಯ ಕಡೆ ಹೋಗಿ, ಮಗುವಿಗೆ ತನ್ನ ಮುಖ ಕಾಣದ ಹಾಗೆ ನಿಂತು, ಅಳುತ್ತಲೇ ಸಿಂಚನ ಎಂದು ಕರೆದಳು.

"ಹೂಂ. ಕಿರುಚಬೇಡಮ್ಮ" ಅಂದಳು ಮಗು.

ನಾಗೇಂದ್ರ ನಗುತ್ತಿದ್ದ, ಅವನ ಕಣ್ಣಲ್ಲೂ ನೀರು ಬಂದಿತ್ತು. ಒಂದೂವರೆ ವರ್ಷದಲ್ಲಿ ಇಂಥ ಸಂತೋಷ ಕಂಡಿರಲಿಲ್ಲ ಅವನು. ಕಲಾ ಹಿಂದೆಯೇ ನಿಂತು ಮಗುವಿನ ಕೂದಲು ಸವರುತ್ತಾ, ಇನ್ನೂ ಮೆಲ್ಲಗೆ, ಕೇಳುವುದಕ್ಕೆ ಬೇರೇನೂ ತೋಚದೆ ಎಲ್ಲ ತಾಯಂದಿರೂ ಕೇಳುವುದನ್ನೇ ಕೇಳಿದಳು: "ಹೊಟ್ಟೆ ಹಸೀತಿದ್ಯಾ ಬಂಗಾರ? ರಾತ್ರಿಯಿಂದ ಏನೂ ತಿಂದಿಲ್ವಲ್ಲೇ ನನ್ ಕಂದ."

"ತಿಂದೆ. ಅಜ್ಜಿ ಬಾಳೆಹಣ್ಣಿನ ರಸಾಯನ ಕೊಟ್ರು, ಗುಡಿ ಹತ್ರ. ಅಪ್ಪ ಇಲ್ಲ ಅನ್ನು ಅಂತ ತಲೆ ಆಡಿಸ್ದ."

ಹೇಳುವಾಗ ಸಿಂಚನ ಛಾವಣಿಯಲ್ಲಿ ಸದ್ದು ಮಾಡುತ್ತಿದ್ದ ಫ್ಯಾನನ್ನು ನೋಡುತ್ತಿದ್ದಳು. ಅಪ್ಪನ ಮುಖ ನೋಡಲಿಲ್ಲ, ಕೇಳಿಸುತ್ತಿತ್ತಲ್ಲ, ನೋಡಬೇಕಾಗಿರಲಿಲ್ಲ. ನಾಗೇಂದ್ರನ ತಲೆ ಮಾತ್ರ ಆಗಲೇ ಅಡ್ಡಡ್ಡ ಆಡತೊಡಗಿತ್ತು. ಅದನ್ನು ನೋಡುತ್ತಿದ್ದವಳು ಕಲಾ ಒಬ್ಬಳೇ.